ಸ್ಕಾಟ್ಲೆಂಡಿನ ಹಳೆಯ ಭಾಷೆ ಗೇಲಿಕ್‌ನ ಹಾಡಿಗೆ ಟೆಕ್ನೋ (ಕ್ಲಬ್ಬಿನ ಎಲೆಕ್ಟ್ರಾನಿಕ್ ಸಂಗೀತ) ಬೀಟ್ ಹೇಗೆ ಹೊಂದುತ್ತದೆ? ಇವೆರಡನ್ನೂ ಬೆರೆಸಿದ ನೈಟ್‌ವರ್ಕ್ಸ್ ಬ್ಯಾಂಡ್ ಈಗಲೂ ಇದೆಯಾ?

ಎರಡನೇ ಪ್ರಶ್ನೆಗೆ ಉತ್ತರ ಚಿಕ್ಕದು: ಇಲ್ಲ. 2024ರಲ್ಲಿ ನಾಲ್ಕನೇ ಆಲ್ಬಂ ತಂದರು, ಅಲ್ಲಿಗೇ ಮುಗಿಸಿದರು. ಇರುವುದನ್ನೆಲ್ಲ ಒಂದು ಭಾನುವಾರ ಕೂತು ಕೇಳಿ ಮುಗಿಸಬಹುದು.

ಮೊದಲನೆಯದೇ ಸ್ವಾರಸ್ಯದ ಪ್ರಶ್ನೆ. ಗೇಲಿಕ್ ಹಾಡು ಅಂದರೆ ಮಂಜು, ಪಾಳುಕೋಟೆ, ಅಳುವ ರಾಗ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಪ್ರವಾಸದ ವಿಡಿಯೋಗಳ ಕೃಪೆ! ಆದರೆ ಆ ಹಾಡುಗಳಲ್ಲಿ ಬಹಳಷ್ಟು ಕೆಲಸ ಮಾಡುತ್ತಾ ಹಾಡಿದವು. ಸ್ಕಾಟ್ಲೆಂಡಿನ ಹೆಬ್ರಿಡೀಸ್ ದ್ವೀಪಗಳ ಹೆಂಗಸರು ಹೊಸದಾಗಿ ನೇಯ್ದ ಉಣ್ಣೆ ಬಟ್ಟೆಯನ್ನು ಹಳೇ ಮೂತ್ರದಲ್ಲಿ ನೆನೆಸಿ (ಹೌದು, ಮೂತ್ರವೇ), ಹಲಗೆಯ ಸುತ್ತ ಕೂತು ಬಡಿದು ಬಡಿದು ಗಟ್ಟಿ ಮಾಡುತ್ತಿದ್ದರು. ಒಬ್ಬಳು ಸಾಲು ಎತ್ತುತ್ತಾಳೆ, ಉಳಿದವರು ಅರ್ಥವಿಲ್ಲದ ಅಕ್ಷರಗಳ ಪಲ್ಲವಿ ಹಾಡುತ್ತಾರೆ. ನಮ್ಮ ಕುಟ್ಟುವ, ಬೀಸುವ ಹಾಡುಗಳ ಥರಾನೇ, ಕೈ ನಿಲ್ಲುವಂತಿಲ್ಲ. ಹಾಗಾಗಿ ಇಂಥ ಹಾಡಿಗೆ ಕಿಕ್ ಡ್ರಮ್ (ಧಪ್ ಧಪ್ ಅನ್ನುವ ದೊಡ್ಡ ಡ್ರಮ್) ಹಾಕಿದರೆ ಅಂಟಿಸಿದ ಹಾಗೆ ಕೇಳಿಸುವುದಿಲ್ಲ. ಹಲಗೆ ಇದ್ದ ಜಾಗಕ್ಕೆ ಡ್ರಮ್ ಬಂತು, ಅಷ್ಟೆ.

ಚೀಲಕ್ಕೆ ಗಾಳಿ ತುಂಬಿ ನುಡಿಸುವ ಬ್ಯಾಗ್‌ಪೈಪ್ ಕಥೆಯೂ ಹೀಗೇ. ರಾಗ ನುಡಿಸುವ ಕೊಳವೆಯಲ್ಲಿ ಇರುವುದು ಒಂಬತ್ತೇ ಸ್ವರ. ಜೊತೆಗೆ ಮೂರು ಡ್ರೋನ್ ಕೊಳವೆಗಳು ಶ್ರುತಿ ಹಿಡಿದು ನಿಲ್ಲುತ್ತವೆ, ಕದಲುವುದಿಲ್ಲ. ಬೇಸ್ ಒಂದೇ ಸ್ವರದಲ್ಲಿ ಗುಡುಗುವ ಟೆಕ್ನೋ ಕೂಡ ಅದನ್ನೇ ಮಾಡುತ್ತದೆ ಅಲ್ವಾ? ಇನ್ನೊಂದು ವಿಷಯ: ಪೈಪನ್ನು ಮೆಲ್ಲಗೆ ನುಡಿಸಲು ಆಗುವುದಿಲ್ಲ. ಗಿಟಾರ್, ಪಿಟೀಲಿನ ಪಕ್ಕ ಕೂತರೆ ಅವನ್ನು ನುಂಗಿಬಿಡುತ್ತದೆ. ಕ್ಲಬ್ಬಿನ ಸ್ಪೀಕರ್ ಎದುರು ಮಾತ್ರ ಸಮಬಲದ ಜೋಡಿ.

ಇದನ್ನು ನೈಟ್‌ವರ್ಕ್ಸ್‌ನವರೇ ಮೊದಲು ಕಂಡುಕೊಂಡರು ಅಂತ ಹೇಳಲಾರೆ. ದಾರಿ ಮಾಡಿದವರಲ್ಲಿ ದೊಡ್ಡವನು ಸ್ಕಾಟ್ಲೆಂಡಿನ ಸಂಗೀತಗಾರ ಮಾರ್ಟಿನ್ ಬೆನೆಟ್. ಕ್ಯಾನ್ಸರ್‌ನಿಂದ ವಾದ್ಯ ಹಿಡಿಯುವ ಶಕ್ತಿ ಹೋದಾಗ ಹಳೆಯ ಜನಪದ ಗಾಯಕರ ಧ್ವನಿಮುದ್ರಣಗಳನ್ನೇ ಬೀಟ್‌ಗಳ ಜೊತೆ ಹೆಣೆದು 2003ರಲ್ಲಿ ‘ಗ್ರಿಟ್’ ಆಲ್ಬಂ ಮಾಡಿದ. 2005ರಲ್ಲಿ ತೀರಿಕೊಂಡ, ಬರೀ 33 ವಯಸ್ಸು.

ನೈಟ್‌ವರ್ಕ್ಸ್‌ನವರು ಸ್ಕಾಟ್ಲೆಂಡಿನ ಸ್ಕೈ ದ್ವೀಪದ ನಾಲ್ವರು. ಡ್ರಮ್ಸ್ ರೂರಿ ಗ್ರಹಾಂ, ಬೇಸ್ ಕ್ರಿಸ್ಟೋಫರ್ ನಿಕೊಲ್ಸನ್, ಪೈಪ್ಸ್ ಅಲನ್ ಮ್ಯಾಕ್‌ಡೊನಾಲ್ಡ್, ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್) ಇನ್ನಿಸ್ ಸ್ಟ್ರಾಕನ್. 2011ರಲ್ಲಿ ಒಂದು ಇಪಿ (ಕಿರು ಆಲ್ಬಂ), 2015ರಲ್ಲಿ ‘ಎನ್‌ಡಬ್ಲ್ಯೂ’ ಆಲ್ಬಂ, 2018ರಲ್ಲಿ ‘ಏರ್ ಫಾರ್ ಅನ್ ಲಾ’. ಎರಡು ಆಲ್ಬಂ ನಡುವೆ ಮೂರು ವರ್ಷ, ಅವಸರವೇ ಇಲ್ಲ. ಹಾಡಲು ಬೇರೆಯವರನ್ನು ಕರೆಯುತ್ತಿದ್ದರು. ‘ಶಿಯನ್’ ಎನ್ನುವ ಮೂವರು ಹೆಂಗಸರ ತಂಡ ಇವರಿಗೆ ಹಾಡಿದ್ದನ್ನು ಕೇಳಿ. ಧ್ವನಿಯನ್ನು ಯಂತ್ರಕ್ಕೆ ತಕ್ಕಂತೆ ಬಗ್ಗಿಸಿಲ್ಲ, ಯಂತ್ರವೇ ಅವರ ಹಿಂದೆ ನಡೆಯುತ್ತದೆ. ಇವರ ಜಾಣತನ ಇರುವುದು ಅಲ್ಲೇ.

2011ರ ಜನಗಣತಿಯಲ್ಲಿ ಸ್ಕಾಟ್ಲೆಂಡಿನಲ್ಲಿ ಗೇಲಿಕ್ ಮಾತಾಡುವವರು ಸುಮಾರು 57 ಸಾವಿರ. ಒಂದು ಸಣ್ಣ ಪಟ್ಟಣದಷ್ಟು ಜನ. ಆ ಲೆಕ್ಕ ಹಿಡಿದರೆ ಇಂಗ್ಲಿಷಿಗೆ ಜಾರುವುದು ಸುಲಭವಿತ್ತು. ಅಲ್ಲೊಂದು ಇಲ್ಲೊಂದು ಬೇರೆ ಭಾಷೆಯ ಹಾಡು ಬಿಟ್ಟರೆ ಗೇಲಿಕ್ ಬಿಡಲಿಲ್ಲ. ಆದರೂ 2020ರ ಕೊನೆಗೆ ಕೋವಿಡ್‌ನಿಂದಾಗಿ ಎಡಿನ್‌ಬರೋದ ಹೊಸವರ್ಷದ ಬೀದಿ ಜಾತ್ರೆ ರದ್ದಾದಾಗ, ಅದರ ಬದಲು ಮಾಡಿದ, ಆಕಾಶದಲ್ಲಿ ಹಾರುವ ಡ್ರೋನ್‌ಗಳ ದೀಪದ ವಿಡಿಯೋಗೆ ಸಂಗೀತ ಕೊಟ್ಟವರು ಇವರೇ. ಅದರಲ್ಲಿದ್ದ ಕವಿತೆ ಸ್ಕಾಟಿಷ್ ಕವಯಿತ್ರಿ ಜಾಕಿ ಕೇ ಅವರದು.

2022ರ ಮೂರನೇ ಆಲ್ಬಂ ನನಗೆ ಸ್ವಲ್ಪ ನುಣುಪು ಜಾಸ್ತಿ ಅನಿಸಿತು. ನೀವು 2018ರದ್ದರಿಂದ ಶುರು ಮಾಡಿ, ಆಮೇಲೆ ಹಿಂದಕ್ಕೆ ಹೋಗಿ. ಮೊಬೈಲ್ ಸ್ಪೀಕರ್‌ನಲ್ಲಿ ಮಾತ್ರ ಬೇಡ. ಬೇಸ್ ಕೇಳಿಸದೆ ಸುಮ್ನೆ ಪೈಪ್ ಕಿರುಚಿದ ಹಾಗಿರುತ್ತದೆ.