ನಿಮ್ಮ ಶೂ ಉದಾಹರಣೆಯ ಬಗ್ಗೆ

ಪ್ರಿಯ ಲೇಖಕರೇ,

‘ಎಲ್ಲವೂ ಒಂದೇ ಎಂದು ಕ್ವಾಂಟಮ್ ವಿಜ್ಞಾನ ಸಾಬೀತು ಮಾಡಿದೆ’ ಅನ್ನುವ ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ದೊಡ್ಡದು, ನಿಮಗೆ ಅದರ ಮೇಲೆ ಪ್ರೀತಿಯೂ ಇದೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮುಖ್ಯ ತೊಂದರೆ ಶೂ ಉದಾಹರಣೆಯಲ್ಲಿದೆ. ಒಂದು ಜೊತೆ ಶೂಗಳನ್ನು ಎರಡು ಪೆಟ್ಟಿಗೆಯಲ್ಲಿಟ್ಟು ದೂರ ದೂರ ಕಳಿಸುತ್ತೀರಿ. ಇಲ್ಲಿ ಎಡಗಾಲಿನದು ಸಿಕ್ಕರೆ ಅಲ್ಲಿರುವುದು ಬಲಗಾಲಿನದು ಎಂದು ತಕ್ಷಣ ಗೊತ್ತಾಗುತ್ತದೆ. ಎಂಟ್ಯಾಂಗಲ್ ಆದ, ಅಂದರೆ ಒಂದೇ ಕ್ವಾಂಟಮ್ ಸ್ಥಿತಿಯಲ್ಲಿ ಹೆಣೆದುಕೊಂಡ ಕಣಗಳೂ ಹೀಗೇ ಅನ್ನುತ್ತೀರಿ. ಆದರೆ ಆ ಶೂ ಮೊದಲಿನಿಂದಲೂ ಎಡಗಾಲಿನದೇ, ಅಲ್ವಾ? ಅಚ್ಚರಿ ಎಲ್ಲಿದೆ? 1935ರಲ್ಲಿ ಐನ್‌ಸ್ಟೈನ್, ಪೊಡೊಲ್‌ಸ್ಕಿ, ರೋಸೆನ್ ಬಯಸಿದ್ದು ಹೆಚ್ಚುಕಡಿಮೆ ಇಂಥ ವಿವರಣೆಯನ್ನೇ. ಅದಕ್ಕೊಂದು ಮಿತಿ ಇದೆ ಎಂದು 1964ರಲ್ಲಿ ಭೌತವಿಜ್ಞಾನಿ ಜಾನ್ ಬೆಲ್ ತೋರಿಸಿದರು. ಎರಡೂ ಕಡೆ ಏನನ್ನು ಅಳೆಯಬೇಕು ಅನ್ನುವುದನ್ನು ಬದಲಿಸುತ್ತಾ ಹೋಗಿ. ಉತ್ತರಗಳು ಮೊದಲೇ ನಿಗದಿಯಾಗಿದ್ದು, ಒಂದು ಕಡೆಯ ಅಳತೆ ಇನ್ನೊಂದು ಕಡೆ ಪ್ರಭಾವ ಬೀರದಿದ್ದರೆ, ಅವುಗಳ ಹೊಂದಾಣಿಕೆ ಒಂದು ಹಂತ ದಾಟುವುದಿಲ್ಲ. 1969ರಲ್ಲಿ ಭೌತವಿಜ್ಞಾನಿ ಜಾನ್ ಕ್ಲೌಸರ್ ಮತ್ತು ಸಂಗಡಿಗರು ಈ ಹೊಂದಾಣಿಕೆಯನ್ನು ಒಂದು ಸಂಖ್ಯೆಯಾಗಿ ಹೇಳುವ ಸೂತ್ರ ಕೊಟ್ಟರು; ಅದರಲ್ಲಿ ಆ ಹಂತ 2. ಕ್ವಾಂಟಮ್ ಸಿದ್ಧಾಂತದ ಪ್ರಕಾರ ಸುಮಾರು 2.83ರವರೆಗೆ ಹೋಗಬಹುದು. 2015ರಲ್ಲಿ ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್‌ನಲ್ಲಿ 1.3 ಕಿಲೋಮೀಟರ್ ಅಂತರದಲ್ಲಿದ್ದ ಎಲೆಕ್ಟ್ರಾನ್‌ಗಳನ್ನು ಅಳೆದಾಗ ಬಂದದ್ದು 2.42. ಶೂ ವಿವರಣೆ ಅಲ್ಲಿಗೆ ಬಿತ್ತು. ನಿಮ್ಮ ಲೇಖನ ಶುರುವಾಗಬೇಕಿದ್ದುದು ಇಲ್ಲಿಂದ.

ಬೆಳಕಿಗಿಂತ ಬೇಗ ಸುದ್ದಿ ಕಳಿಸಬಹುದು ಅನ್ನುವ ಪ್ಯಾರಾ ತೆಗೆದುಬಿಡಿ. ಒಂದೇ ಕಡೆ ನೋಡಿದರೆ ಸಿಗುವುದು ಗೊತ್ತುಗುರಿಯಿಲ್ಲದ ಉತ್ತರಗಳ ಸಾಲು ಅಷ್ಟೇ. ಎರಡೂ ಕಡೆಯ ದಾಖಲೆ ಪಕ್ಕಪಕ್ಕ ಇಟ್ಟಾಗಲೇ ಹೊಂದಾಣಿಕೆ ಕಾಣುತ್ತದೆ. ಆ ದಾಖಲೆ ಮಾಮೂಲಿ ದಾರಿಯಲ್ಲೇ ಬರಬೇಕು. ಮನುಷ್ಯನ ಪ್ರಜ್ಞೆಯನ್ನು ಇದಕ್ಕೆ ಜೋಡಿಸುವ ಭಾಗವೂ ಬೇಡ. ಬೆಲ್ ಅವರ ವಾದದಲ್ಲಿ ಮನಸ್ಸಿನ ಮಾತೇ ಇಲ್ಲ. 2022ರ ನೊಬೆಲ್ ಅನ್ನು ಸಾಕ್ಷಿಗೆ ಎಳೆದಿದ್ದೀರಿ. ಅದು ಸಿಕ್ಕಿದ್ದು ಆಸ್ಪೆ, ಕ್ಲೌಸರ್, ಝೈಲಿಂಗರ್ ಅವರ ಪ್ರಯೋಗಗಳಿಗೆ, ‘ಎಲ್ಲವೂ ಒಂದೇ’ ಅನ್ನುವ ತತ್ವಕ್ಕಲ್ಲ.

ಹಾಗಾದರೆ ವಾಸ್ತವದ ಬಗ್ಗೆ ಹೇಳಲು ಏನು ಉಳಿಯಿತು? ತುಂಬಾ ಇದೆ. ನಾವು ನಂಬಿಕೊಂಡು ಬಂದದ್ದರಲ್ಲಿ ಏನನ್ನಾದರೂ ಬಿಡಲೇಬೇಕು. ಯಾವುದನ್ನು ಅನ್ನುವುದು ಬೆಲ್ ಹೇಳಲಿಲ್ಲ. 1952ರಲ್ಲಿ ಭೌತವಿಜ್ಞಾನಿ ಡೇವಿಡ್ ಬೋಮ್ ಕೊಟ್ಟ ಕ್ವಾಂಟಮ್ ವ್ಯಾಖ್ಯಾನದಲ್ಲಿ ಕಣಕ್ಕೆ ಸದಾ ಖಚಿತವಾದ ಜಾಗವಿದೆ. ಆದರೆ ಇಲ್ಲಿನ ಕಣ ಹೇಗೆ ಚಲಿಸುತ್ತದೆ ಅನ್ನುವುದು ಆ ಕ್ಷಣ ಅಲ್ಲಿನ ಕಣ ಎಲ್ಲಿದೆ ಅನ್ನುವುದರ ಮೇಲೂ ನಿಂತಿದೆ. 1957ರಲ್ಲಿ ಇನ್ನೊಬ್ಬ ಭೌತವಿಜ್ಞಾನಿ ಹ್ಯೂ ಎವರೆಟ್ ಕೊಟ್ಟ ವ್ಯಾಖ್ಯಾನಕ್ಕೆ ಅಂಥ ದೂರದ ಪ್ರಭಾವ ಬೇಕಿಲ್ಲ. ಆದರೆ ಅಳತೆಗೆ ಒಂದೇ ಫಲಿತಾಂಶ ಅನ್ನುವುದನ್ನು ಬಿಟ್ಟುಕೊಡಬೇಕು. ಇನ್ನು ಕೆಲವರು, ಏನನ್ನು ಅಳೆಯುತ್ತೇವೆ ಅನ್ನುವ ಆಯ್ಕೆಯೂ ಕಣಗಳ ಜೊತೆ ಮೊದಲೇ ಗಂಟುಬಿದ್ದಿದೆ ಅನ್ನುತ್ತಾರೆ. ನಾನಂತೂ ಇದನ್ನು ಒಪ್ಪುವುದಿಲ್ಲ. ಇದನ್ನು ಒಪ್ಪಿದರೆ ಯಾವ ಪ್ರಯೋಗವನ್ನು ನಂಬುವುದು? ನಿಮಗೆ ಬೇರೆ ಅನ್ನಿಸಿದರೆ ವಾದ ಮಾಡಿ, ಖುಷಿಯಿಂದ ಓದುತ್ತೇನೆ.

ಕೊನೆಯ ಪುಟದಲ್ಲಿ ನೀವು ಒಂದು ಪ್ರಶ್ನೆ ಕೇಳಿ ಹಾಗೇ ಬಿಟ್ಟಿದ್ದೀರಿ: ‘ಬಿಡಿ ವಸ್ತುಗಳು ಮೊದಲೋ, ಇಡೀ ಮೊದಲೋ?’ ಇಡೀ ಲೇಖನದಲ್ಲಿ ಜೀವ ಇರುವುದು ಅಲ್ಲೇ. ಎಂಟ್ಯಾಂಗಲ್ ಆದ ಜೋಡಿಯ ಕ್ವಾಂಟಮ್ ಸ್ಥಿತಿ ಪೂರ್ತಿ ಗೊತ್ತಿದ್ದರೂ, ಒಂದೊಂದು ಕಣಕ್ಕೆ ತನ್ನದೇ ಆದ ಅಷ್ಟು ಪೂರ್ಣ ಸ್ಥಿತಿ ಇರುವುದಿಲ್ಲ. ಜೋಡಿಯ ಬಗ್ಗೆ ಹೇಳಬಹುದಾದ್ದು ಬಿಡಿಬಿಡಿ ಕಣಗಳ ವಿವರ ಕೂಡಿಸಿದರೆ ಸಿಗುವುದಿಲ್ಲ. ನಿಮ್ಮ ಮಾತಿಗೆ ಗಟ್ಟಿ ನೆಲ ಬೇಕಿದ್ದರೆ ಇದು. ಆದರೆ ಎರಡು ಕಣಗಳಿಂದ ಇಡೀ ವಿಶ್ವಕ್ಕೆ ಹಾರಬೇಡಿ. ಆ ಮಧ್ಯದ ಹೆಜ್ಜೆಗಳನ್ನು ತೋರಿಸಿ. ಬೋಮ್ ಪಕ್ಷದವರು ನಿಮಗೆ ಏನು ಉತ್ತರ ಕೊಡಬಹುದು ಅನ್ನುವುದನ್ನೂ ಸೇರಿಸಿ ಕಳಿಸಿ.