ಇಬ್ಬರಿಗೂ ಬೇಡವಾಗಿದ್ದ ಮೆಷಿನ್

ಬೆಂಗಳೂರಿನ ಪೀಣ್ಯ ಎರಡನೇ ಹಂತದಲ್ಲಿ ಬಾಡಿಗೆ ಶೆಡ್ ಹಿಡಿದು ಮೆಷಿನ್ ಶಾಪ್ ನಡೆಸುವ ಅಣ್ಣತಮ್ಮಂದಿರ ಪ್ರಕರಣ ಇದು. ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ, ಹಣದ ಅಂಕಿಗಳನ್ನೂ ತುಸು ಆಚೀಚೆ ಮಾಡಿದ್ದೇನೆ.

ಸಲಹೆ ಕೇಳಿ ನನಗೆ ಮೊದಲು ಫೋನ್ ಮಾಡಿದವರು ಅತ್ತಿಗೆ, ಅಂದರೆ ಅಣ್ಣನ ಹೆಂಡತಿ. ಶಾಪಿನ ಲೆಕ್ಕಪತ್ರ, ಜಿಎಸ್‌ಟಿ, ಹುಡುಗರ ಸಂಬಳ ಎಲ್ಲ ಅವರ ಕೈಯಲ್ಲೇ. "ಮೇಡಂ, ಇಬ್ಬರೂ ಒಟ್ಟಿಗೇ ಊಟ ಮಾಡ್ತಾರೆ, ಒಂದೇ ಗಾಡೀಲಿ ಶಾಪಿಗೆ ಹೋಗ್ತಾರೆ. ಆ ಮೆಷಿನ್ ವಿಷಯ ಬಂದ್ರೆ ಮಾತ್ರ ಮಾತು ನಿಂತುಹೋಗುತ್ತೆ" ಎಂದರು.

ಆ ಮೆಷಿನ್ ಒಂದು ವಿಎಂಸಿ, ಅಂದರೆ ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹದ ಬಿಡಿಭಾಗ ಕೊರೆದು ಕತ್ತರಿಸುವ ಯಂತ್ರ. 14 ತಿಂಗಳ ಹಿಂದೆ 30 ಲಕ್ಷ ಸಾಲ ಮಾಡಿ ತಂದದ್ದು, ತಿಂಗಳಿಗೆ 65 ಸಾವಿರ ಕಂತು. ಅವರು ವರ್ಷಗಳಿಂದ ಟರ್ನಿಂಗ್ (ಲೇತಿನಲ್ಲಿ ಲೋಹವನ್ನು ತಿರುಗಿಸಿ ಕೆತ್ತುವ) ಕೆಲಸ ಮಾಡಿಕೊಡುತ್ತಿದ್ದ ಒಂದು ದೊಡ್ಡ ಕಂಪನಿಯ ಪರ್ಚೇಸ್ ವಿಭಾಗದವರು "ನೀವು ಕೆಪಾಸಿಟಿ ತೋರಿಸಿ, ಹೊಸ ಪಾರ್ಟ್ ನಿಮಗೇ ಕೊಡ್ತೀವಿ" ಎಂದಿದ್ದರಂತೆ. ಮೆಷಿನ್ ಬಂತು, ಪಾರ್ಟ್ ಹಿಡಿದಿಡುವ ಫಿಕ್ಸ್ಚರ್ ಮಾಡಿಸಿದರು, ಸ್ಯಾಂಪಲ್ ಪಾಸಾಯಿತು. ಪಿಒ, ಅಂದರೆ ಲಿಖಿತ ಖರೀದಿ ಆದೇಶ, ಬರಲಿಲ್ಲ. "ಮುಂದಿನ ಕ್ವಾರ್ಟರ್" ಅನ್ನುವ ಮಾತು ಮಾತ್ರ ಬರುತ್ತಲೇ ಇತ್ತು.

ಅಣ್ಣನೊಂದಿಗೆ ಒಬ್ಬರೇ ಇದ್ದಾಗ ಮಾತಾಡಿದೆ. ಐವತ್ತರ ಆಸುಪಾಸಿನವರು, ಐಟಿಐ ಮುಗಿಸಿ ಬೇರೆಯವರ ಶಾಪಿನಲ್ಲಿ ಲೇತ್ ಮೇಲೆ ನಿಂತು ಶುರು ಮಾಡಿದವರು. ಅವರ ವಾದ ಗಟ್ಟಿಯಾಗಿತ್ತು. ಈಗ ಮಾರಿದರೆ ಡೀಲರ್ 20 ಲಕ್ಷ ಕೊಡುತ್ತಾನೆ, ಬ್ಯಾಂಕಿಗೆ ಕಟ್ಟಬೇಕಾದ್ದು ಇನ್ನೂ 24 ಲಕ್ಷಕ್ಕೂ ಮೇಲಿದೆ. "ಕೈಯಿಂದ ನಾಲ್ಕು ಲಕ್ಷ ಹಾಕಿ ಮೆಷಿನ್ ಕಳ್ಕೊಳ್ಳೋದಾ? ಆರ್ಡರ್ ಬಂದ ದಿನ ಏನ್ ಮಾಡ್ಲಿ?" ಅದೇ ಕಂಪನಿಯಿಂದ ಹಳೆಯ ಕೆಲಸದ ಬಾಕಿ ಐದು ತಿಂಗಳಿಂದ ಬಂದಿರಲಿಲ್ಲ. ಅದನ್ನೂ ಇವರು ಒತ್ತಿ ಕೇಳಿರಲಿಲ್ಲ, ಕೇಳಿದರೆ ಹೊಸ ಆರ್ಡರ್ ಕೈತಪ್ಪೀತು ಎಂಬ ಲೆಕ್ಕ. ಬರದ ಆರ್ಡರಿನ ನಿರೀಕ್ಷೆ ದುಡಿದ ದುಡ್ಡನ್ನೂ ಹಿಡಿದಿಟ್ಟಿತ್ತು. ನನಗೆ ಹೆಚ್ಚು ಕಳವಳ ಆದದ್ದು ಈ ಬಾಕಿಯ ವಿಷಯಕ್ಕೇ.

ತಮ್ಮ ಡಿಪ್ಲೊಮಾ ಓದಿದವರು, ಮೂವತ್ತೆರಡು ವಯಸ್ಸು. ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ಶೀಟ್ ತಂದಿದ್ದರು. ಗಂಟೆಗೆ 400 ರೂಪಾಯಿ ದರದಲ್ಲಿ ಹೊರಗಿನ ಜಾಬ್ ವರ್ಕ್ (ಬೇರೆಯವರ ಬಿಡಿಭಾಗಗಳನ್ನು ಕೂಲಿಗೆ ಮಾಡಿಕೊಡುವ ಕೆಲಸ) ಹಿಡಿದು ಒಂದು ಶಿಫ್ಟ್ ಪೂರ್ತಿ ಓಡಿಸಿದರೆ ತಿಂಗಳಿಗೆ 80 ಸಾವಿರ. ಆಪರೇಟರ್ ಸಂಬಳ, ಕರೆಂಟು, ಟೂಲ್ ಖರ್ಚು ಕಳೆದರೆ ಕಂತಿಗೂ ಸಾಲದು. ಎರಡು ಶಿಫ್ಟ್ ಓಡಿಸಿದರೆ ಸರಿಹೋಗುತ್ತದೆ, ಆದರೆ ಅಷ್ಟು ಕೆಲಸ ಕೈಯಲ್ಲಿಲ್ಲ. ಶೀಟಿನಲ್ಲಿ ತಪ್ಪಿರಲಿಲ್ಲ. "ಅಣ್ಣ ಲಾಜಿಕ್ ಕೇಳೋದೇ ಇಲ್ಲ ಮೇಡಂ, ಎಲ್ಲ ಸೆಂಟಿಮೆಂಟು" ಎಂದರು. ಈ ಶೀಟನ್ನು ಅಣ್ಣನಿಗೆ ತೋರಿಸಿದ್ದೀರಾ ಎಂದು ಕೇಳಿದೆ. ಇಲ್ಲ. ಯಾಕೆ? ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ಅಣ್ಣ ಅದನ್ನ ತಂದಿದ್ದೇ ನನಗೋಸ್ಕರ. ಲೇತ್ ಶಾಪಲ್ಲಿ ನಾನು ನಿಲ್ಲಲ್ಲ ಅಂತ. ಈಗ ಬೇಡ ಅಂದ್ರೆ ಹೆಂಗಿರುತ್ತೆ?" ಆಮೇಲೆ, ಜಿಗಣಿಯ ಒಂದು ಕಂಪನಿಯಿಂದ ಕೆಲಸದ ಆಫರ್ ಬಂದಿರುವುದನ್ನೂ ಹೇಳಿದರು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮುಂದಿನ ಭೇಟಿಯಲ್ಲಿ ಮೂವರನ್ನೂ ಕೂರಿಸಿ ಅಣ್ಣತಮ್ಮಂದಿರಿಗೆ ಒಂದೊಂದು ಹಾಳೆ ಕೊಟ್ಟೆ. ಎರಡು ಪ್ರಶ್ನೆ. ಇವತ್ತು ನಿಮ್ಮ ಶೆಡ್ಡಿನಲ್ಲಿ ಆ ಮೆಷಿನ್ ಇಲ್ಲ, ಕೈಯಲ್ಲಿ 20 ಲಕ್ಷ ಇದೆ ಎಂದುಕೊಳ್ಳಿ, ಅದನ್ನು ಕೊಟ್ಟು ಈ ಮೆಷಿನ್ ತರುತ್ತೀರಾ? ಇದೇ ಪ್ರಶ್ನೆಗೆ ನಿಮ್ಮ ಪಕ್ಕದಲ್ಲಿ ಕೂತವರು ಏನು ಬರೆಯುತ್ತಾರೆ?

ತಮ್ಮ ತಕ್ಷಣ "ಇಲ್ಲ" ಎಂದು ಬರೆದರು, ಎರಡನೆಯದಕ್ಕೆ "ಹೌದು". ಅಣ್ಣ ಪೆನ್ನು ಹಿಡಿದು ಕೂತೇ ಇದ್ದರು. ಮೊದಲು "ತರ್ತೀನಿ" ಎಂದು ಬರೆದು ಹೊಡೆದು ಹಾಕಿದರು. "ಲೋಡ್ ಇದ್ರೆ" (ಅಂದರೆ ಮೆಷಿನ್‌ಗೆ ಕೆಲಸ ಇದ್ದರೆ) ಎಂದು ಬರೆದು ಅದನ್ನೂ ಹೊಡೆದರು. ಕೊನೆಗೆ ಸಣ್ಣ ಅಕ್ಷರದಲ್ಲಿ "ಇಲ್ಲ". ಎರಡನೆಯದಕ್ಕೆ, "ಅವನಿಗೆ ಬೇಕು." ಹಾಳೆ ಅದಲುಬದಲು ಮಾಡಿಸಿದೆ. ಅಣ್ಣ ಓದಿ ತಮ್ಮನ ಮುಖ ನೋಡಿ ಕೇಳಿದ್ದು ಇಷ್ಟೇ: "ಮತ್ಯಾಕೋ ಹೇಳ್ಲಿಲ್ಲ?" ತಮ್ಮ, "ನೀನು ಬೇಜಾರ್ ಮಾಡ್ಕೊತೀಯ ಅಂತ ಅಣ್ಣ." ಅತ್ತಿಗೆ ಕಣ್ಣೊರೆಸಿಕೊಂಡರು.

1974ರಲ್ಲಿ ಜೆರ್ರಿ ಹಾರ್ವೆ ಎಂಬ ಅಮೆರಿಕದ ಆಡಳಿತ ತಜ್ಞರು ತಮ್ಮ ಮನೆಯಲ್ಲೇ ನಡೆದ ಪ್ರಸಂಗವೊಂದನ್ನು ಬರೆದರು. ಟೆಕ್ಸಸ್‌ನ ಕಡುಬಿಸಿಲಿನಲ್ಲಿ ಇಡೀ ಕುಟುಂಬ ಕಾರಿನಲ್ಲಿ ದೂರದ ಅಬಿಲೀನ್ ಊರಿಗೆ ಹೋಗಿ ಊಟ ಮಾಡಿ ಬಂತು. ಬಂದಮೇಲೆ ಗೊತ್ತಾಯಿತು, ಹೋಗುವ ಮನಸ್ಸು ಒಬ್ಬರಿಗೂ ಇರಲಿಲ್ಲ, ಉಳಿದವರಿಗೆ ಇಷ್ಟ ಎಂದುಕೊಂಡು ಎಲ್ಲರೂ ತಲೆಯಾಡಿಸಿದ್ದರು. ಸಂಸ್ಥೆಗಳು ತಪ್ಪು ತೀರ್ಮಾನಕ್ಕೆ ಬರುವುದು ಜಗಳದಿಂದ ಮಾತ್ರವಲ್ಲ, ಇಂಥ ಸುಳ್ಳು ಒಮ್ಮತದಿಂದಲೂ ಹೌದು ಎಂಬುದು ಅವರ ವಾದ. ಈ ಕಥೆಯನ್ನು ಮೂವರಿಗೂ ಹೇಳಿದೆ. ಅಣ್ಣನನ್ನು ಉಳಿಸಿಕೊಳ್ಳಲು ತಮ್ಮ, ತಮ್ಮನನ್ನು ಉಳಿಸಿಕೊಳ್ಳಲು ಅಣ್ಣ, ತಿಂಗಳಿಗೆ 65 ಸಾವಿರ ಕಟ್ಟುತ್ತಿದ್ದರು.

ಆದರೆ ಮನಸ್ಸು ಬಿಚ್ಚಿದ ಮಾತ್ರಕ್ಕೆ ಕೈ ಬಿಡುವುದಿಲ್ಲ. ಅಣ್ಣ ಮರುಕ್ಷಣವೇ ಮತ್ತೆ ನಾಲ್ಕು ಲಕ್ಷದ ನಷ್ಟಕ್ಕೆ ಬಂದರು. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ: ಜನ ಲಾಭ ನಷ್ಟವನ್ನು ಮನಸ್ಸಿನಲ್ಲಿ ಹಾಕಿಕೊಂಡ ಒಂದು ಗುರುತಿನಿಂದ ಅಳೆಯುತ್ತಾರೆ, ಅಷ್ಟೇ ಮೊತ್ತದ ಲಾಭ ಕೊಡುವ ಸಂತೋಷಕ್ಕಿಂತ ನಷ್ಟದ ನೋವು ದೊಡ್ಡದು. ಅಣ್ಣನ ಗುರುತು ಕೊಂಡ ದಿನದ 30 ಲಕ್ಷದಲ್ಲೇ ನಿಂತಿತ್ತು. ಸಂಸ್ಥೆಗಳ ನಡವಳಿಕೆಯ ಸಂಶೋಧಕ ಬ್ಯಾರಿ ಸ್ಟಾ ಅವರು 1976ರಲ್ಲಿ ನಡೆಸಿದ ಪ್ರಯೋಗವೂ ನೆನಪಾಯಿತು. ಒಂದು ಕಂಪನಿಯ ಯಾವ ವಿಭಾಗಕ್ಕೆ ಹಣ ಹಾಕಬೇಕೆಂಬ ಕಾಲ್ಪನಿಕ ಪ್ರಸಂಗದಲ್ಲಿ, ಹಿಂದಿನ ಸೋತ ತೀರ್ಮಾನವನ್ನು ತಾವೇ ಮಾಡಿದ್ದವರು, ಆ ಹೊಣೆ ಇಲ್ಲದವರಿಗಿಂತ ಹೆಚ್ಚಿನ ಹಣವನ್ನು ಅದೇ ವಿಭಾಗಕ್ಕೆ ಮತ್ತೆ ಸುರಿದಿದ್ದರು. ಕೊಂಡವರೊಬ್ಬರೇ ಕೂತು ಮಾರುವುದೋ ಬೇಡವೋ ತೀರ್ಮಾನಿಸಬಾರದು ಎಂದು ನಾನು ಹೇಳುವುದು ಈ ಕಾರಣಕ್ಕೆ.

ತಮ್ಮನಿಗೂ ಒಂದು ಮಾತು ಹೇಳಬೇಕಿತ್ತು. ಅಣ್ಣ ಲಾಜಿಕ್ ಇಲ್ಲದವರಲ್ಲ. 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಹರ್ಬರ್ಟ್ ಸೈಮನ್ ಹೇಳಿದಂತೆ, ಯಾರೂ ಎಲ್ಲ ಮಾಹಿತಿ ಇಟ್ಟುಕೊಂಡು ತೀರ್ಮಾನ ಮಾಡುವುದಿಲ್ಲ, ಕೈಗೆ ಸಿಕ್ಕ ಮಾಹಿತಿ, ಇದ್ದ ಸಮಯ, ತಲೆಗೆ ನಿಲುಕಿದಷ್ಟು ಲೆಕ್ಕ, ಇದರಲ್ಲೇ ಸಾಕೆನ್ನಿಸಿದ್ದನ್ನು ಆರಿಸುತ್ತಾರೆ. ವರ್ಷಗಳಿಂದ ಕೆಲಸ ಕೊಟ್ಟ ಕಂಪನಿಯ ಮಾತು ನಂಬಿ ಮೆಷಿನ್ ತಂದದ್ದು ಆ ದಿನಕ್ಕೆ ಸರಿಯಾದ ತೀರ್ಮಾನವೇ. ಅದನ್ನು ಅಣ್ಣನ ಎದುರಿಗೇ ಒಪ್ಪಿಕೊಳ್ಳಿ ಎಂದೆ. ಕೊಂಡದ್ದೇ ತಪ್ಪು ಎಂದು ಯಾರಾದರೂ ಸಾಧಿಸುತ್ತಿರುವ ತನಕ ಅವರು ಅದನ್ನು ಮಾರುವುದಿಲ್ಲ. ಇದನ್ನು ನಾನು ಹಲವು ಮನೆಗಳಲ್ಲಿ ಕಂಡಿದ್ದೇನೆ, ಸೈಟು, ಅಂಗಡಿ, ಮಗನ ಸೀಟು, ಯಾವುದಾದರೂ ಅಷ್ಟೇ.

ಕೊಟ್ಟ ಸಲಹೆಯಲ್ಲಿ ಮೊದಲನೆಯದು ಬಾಕಿ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮ) ಅಭಿವೃದ್ಧಿ ಕಾಯ್ದೆಯ ಪ್ರಕಾರ, ಲಿಖಿತ ಒಪ್ಪಂದ ಇದ್ದರೂ ಖರೀದಿದಾರರು ಹಣ ಕೊಡದೆ 45 ದಿನಕ್ಕಿಂತ ಹೆಚ್ಚು ಸತಾಯಿಸುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಜೊತೆಗೆ, 2024ರ ಏಪ್ರಿಲ್‌ನಿಂದ ಜಾರಿಯಾದ ತೆರಿಗೆ ನಿಯಮದಂತೆ, ಸಣ್ಣ ಘಟಕಕ್ಕೆ ಅವಧಿಯೊಳಗೆ ಕೊಡದ ಹಣವನ್ನು ಖರೀದಿದಾರರು ನಿಜಕ್ಕೂ ಕೊಟ್ಟ ವರ್ಷದಲ್ಲಷ್ಟೇ ಖರ್ಚಿಗೆ ಹಾಕಬಹುದು. ಇವರಿಗೆ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮವೆಂಬ ಸರ್ಕಾರಿ ನೋಂದಣಿ, ಇತ್ತು. ದೂರು ಬೇಡ, ಮೊದಲು ಇನ್‌ವಾಯ್ಸ್ ದಿನಾಂಕ ಹಾಕಿ, ನೋಂದಣಿ ಸಂಖ್ಯೆ ಬರೆದು, ಅಕೌಂಟ್ಸ್ ವಿಭಾಗಕ್ಕೆ ಮರ್ಯಾದೆಯಿಂದ ಒಂದು ಮೇಲ್ ಕಳಿಸಿ ಎಂದೆ. ಅದನ್ನು ಅತ್ತಿಗೆ ಬರೆಯಲಿ, ಅಣ್ಣನಿಗೆ ಸಂಕೋಚ. ಬಾಕಿ ಕೇಳಿದ್ದಕ್ಕೇ ತಪ್ಪಿಹೋಗುವ ಆರ್ಡರ್ ಆದರೆ, ಅದು ಬಂದಮೇಲೂ ದುಡ್ಡು ಹೀಗೇ ನಿಲ್ಲುತ್ತದೆ ಎಂದು ಅಣ್ಣನಿಗೆ ಬಿಡಿಸಿ ಹೇಳಿದೆ.

ಎರಡನೆಯದು ಗಡುವು. ಕೂಡಲೇ ಮಾರಿ ಎಂದು ನಾನು ಹೇಳಲಿಲ್ಲ, ಅದು ನನ್ನ ಕೆಲಸವೂ ಅಲ್ಲ. ಅಣ್ಣ "ಆಯುಧಪೂಜೆಗೆ ಮುಂಚೆ ಮೆಷಿನ್ ಹೊರಗೆ ಹಾಕೋದು ಬೇಡ" ಎಂದರು. ಅದನ್ನು ಗೌರವಿಸಿ ದೀಪಾವಳಿ ಮುಗಿದ ಸೋಮವಾರವನ್ನು ಗುರುತು ಮಾಡಿದೆವು. ಅಷ್ಟರೊಳಗೆ ಕೈಗೆ ಪಿಒ ಬರಬೇಕು, ಇಲ್ಲವೇ ಹೊರಗಿನ ಜಾಬ್ ವರ್ಕ್ ಎರಡು ಶಿಫ್ಟ್ ತುಂಬಬೇಕು. ಫೋನಿನಲ್ಲಿ ಹೇಳಿದ್ದು, ಟೀ ಕುಡಿಯುತ್ತ ಹೇಳಿದ್ದು ಲೆಕ್ಕಕ್ಕಿಲ್ಲ. ಎರಡೂ ಆಗದಿದ್ದರೆ ಡೀಲರ್‌ಗೆ ಫೋನ್ ಮಾಡುವವರು ಅತ್ತಿಗೆ. ಸಾಲದ ಕಾಗದಕ್ಕೆ ಸಹಿ ಹಾಕಿದ್ದರೂ, ತರುವ ತೀರ್ಮಾನ ಅವರದಾಗಿರಲಿಲ್ಲ. ಇದನ್ನೆಲ್ಲ ಬರೆದು ಮೂವರೂ ಸಹಿ ಹಾಕಿದರು.

ಮೂರನೆಯದು ಜಿಗಣಿಯ ಆಫರ್. ಅದನ್ನು ನಾನು ಎತ್ತುವಂತಿರಲಿಲ್ಲ, ತಮ್ಮನೇ ಹೇಳಬೇಕಿತ್ತು. ಹೊರಡುವ ಹೊತ್ತಿಗೆ, ಚಪ್ಪಲಿ ಹಾಕಿಕೊಳ್ಳುತ್ತ, ಹೇಳಿಬಿಟ್ಟರು. ಅಣ್ಣ "ಸಂಬಳ ಎಷ್ಟು?" ಎಂದು ಕೇಳಿದರು. ತಮ್ಮ ಹೇಳಿದರು. "ನಾನು ಅಷ್ಟು ಕೊಡಕ್ಕಾಗಲ್ಲ" ಎಂದರು ಅಣ್ಣ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಶಾಪಿನಲ್ಲಿ ಪಾಲುದಾರನೋ, ಸಂಬಳದವನೋ ಎಂಬುದೇ ಅವರ ನಡುವೆ ಎಂದೂ ತೀರ್ಮಾನವಾಗಿರಲಿಲ್ಲ. ಅದಕ್ಕೆ ಪ್ರತ್ಯೇಕ ಭೇಟಿ ಇಟ್ಟುಕೊಂಡೆವು, ಮೆಷಿನ್ ಮಾತು ಅದರೊಳಗೆ ಬೆರೆಸಬಾರದೆಂಬ ಷರತ್ತಿನ ಮೇಲೆ.

ಬಾಕಿಯ ಮುಕ್ಕಾಲು ಪಾಲು ಮೇಲ್ ಹೋದ ತಿಂಗಳೊಳಗೆ ಬಂತು. ಪಿಒ ಬರಲಿಲ್ಲ, ಹಳೆಯ ಟರ್ನಿಂಗ್ ಕೆಲಸ ನಿಲ್ಲಲೂ ಇಲ್ಲ. ದೀಪಾವಳಿ ಮುಗಿದ ಸೋಮವಾರ ಅತ್ತಿಗೆ ಡೀಲರ್‌ಗೆ ಫೋನ್ ಮಾಡಿದರು. ಬಂದ ಬಾಕಿಯಲ್ಲೇ ಬ್ಯಾಂಕಿನ ಕೊರತೆ ತುಂಬಿಸಿದರು. ತಮ್ಮ ಜಿಗಣಿಗೆ ಹೋಗುತ್ತಿದ್ದಾರೆ, ಶನಿವಾರ ಶಾಪಿನ ಕೊಟೇಶನ್ ನೋಡಿಕೊಳ್ಳುತ್ತಾರೆ. ಪಾಲಿನ ವಿಷಯ ಇನ್ನೂ ಬಗೆಹರಿದಿಲ್ಲ, ಅದರ ಮಾತುಕತೆ ನಡೆಯುತ್ತಿದೆ.