ಅಮ್ಮನ ಕೈ ನಿಂತ್ರೆ ಆ ಸಿನಿಮಾ ಒಳ್ಳೆದುಂಟು ಅಂತ ಲೆಕ್ಕ

ನೀವು ಹುಬ್ಬಳ್ಳಿಯಿಂದ ಕೆಲಸಕ್ಕೆ ಅಂತ ಮಂಗಳೂರಿಗೆ ಬಂದು ಇಲ್ಲಿನ ಮೊದಲ ಮಳೆಗಾಲಕ್ಕೆ ಸಿಕ್ಕಿಬಿದ್ದಿದ್ದೀರಿ, ಭಾನುವಾರ ಪಿಜಿಯಿಂದ ಹೊರಗೆ ಕಾಲಿಡ್ಲಿಕ್ಕೆ ಆಗುದಿಲ್ಲ, ಕಾಮಿಡಿ, ಥ್ರಿಲ್ಲರ್, ಲವ್, ಹಾರರ್, ಆರ್ಟ್ ಸಿನಿಮಾ ಎಲ್ಲದರಲ್ಲೂ ನಿಮಗೆ ಸ್ವಂತ ಇಷ್ಟ ಆದದ್ದು ಹೇಳಿ ಅಂತ ಕೇಳಿದ್ದೀರಿ. ಹೇಳ್ತೇನೆ. ಆದ್ರೆ ರೇಟಿಂಗ್ ಕೊಡುದು ನಾನಲ್ಲ ಮಾರ್ರೆ, ನನ್ನ ಅಮ್ಮ.

ನಮ್ಮ ಮನೆ ಸುರತ್ಕಲ್ ಹತ್ತಿರ. ಅಮ್ಮ ಮೂವತ್ತು ವರ್ಷದಿಂದ ಬೀಡಿ ಕಟ್ತಾರೆ. ಮಡಿಲಲ್ಲಿ ತಡ್ಪೆ, ಅಂದ್ರೆ ಮೊರ, ಅದರಲ್ಲಿ ಒಂದು ಬದಿ ಕತ್ತರಿಸಿದ ಎಲೆ, ಇನ್ನೊಂದು ಬದಿ ಹೊಗೆಸೊಪ್ಪಿನ ಹುಡಿ, ಕಣ್ಣು ಮಾತ್ರ ಟಿವಿ ಮೇಲೆ. ಎಲೆ ತೆಗೆದು ಹುಡಿ ಹಾಕಿ ಸುತ್ತಿ ನೂಲು ಕಟ್ಟಿ ತುದಿ ಮಡಚಿ ಆಗಿರ್ತದೆ, ಕೈಯನ್ನು ಒಮ್ಮೆಯೂ ನೋಡುದಿಲ್ಲ. ಸಿನಿಮಾ ಸಪ್ಪೆ ಆದ್ರೆ ಕೈ ಇನ್ನೂ ಜೋರು ಓಡ್ತದೆ. ಒಳ್ಳೆದುಂಟಾದ್ರೆ ನಿಧಾನ ಆಗ್ತದೆ, ತುಂಬಾ ಒಳ್ಳೆದಾದ್ರೆ ಎಲೆ ಬೆರಳಲ್ಲೇ ಹಿಡ್ಕೊಂಡು ಹಾಗೇ ಕೂತಿರ್ತಾರೆ. ನಾನು ಆನ್‌ಲೈನ್ ರಿವ್ಯೂ ಓದುದು ಬಿಟ್ಟೇ ಸುಮಾರು ವರ್ಷ ಆಯ್ತು.

ಥ್ರಿಲ್ಲರ್ ಅಂದ್ರೆ ಮಲಯಾಳಂನ ದೃಶ್ಯಂ, 2013ರದ್ದು, ಜೀತು ಜೋಸೆಫ್ ಮಾಡಿದ್ದು. ಮರುವರ್ಷ ಬಂದ, ರವಿಚಂದ್ರನ್ ನಟಿಸಿದ ಕನ್ನಡದ ದೃಶ್ಯ ಕೂಡ ಉಂಟು, ಅದನ್ನು ನೋಡಿದ್ರೂ ಬೇಜಾರಿಲ್ಲ, ಆದ್ರೆ ಮೂಲದ್ದು ಒಂದು ಗುಲಗಂಜಿ ಮೇಲೆ. ಕೇಬಲ್ ಟಿವಿ ನಡೆಸುವವ, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವ, ಸಿನಿಮಾ ನೋಡಿ ನೋಡಿ ಕಲಿತ ಬುದ್ಧಿಯಲ್ಲೇ ಪೊಲೀಸರನ್ನು ಆಟ ಆಡಿಸ್ತಾನೆ. ಶುರುವಿಗೆ ಮುಕ್ಕಾಲು ಗಂಟೆ ಎಂತದೂ ಆಗುದಿಲ್ಲ, ಬಸ್ಸು ಹೋಟ್ಲು ಮನೆ ಜಗಳ ಅಷ್ಟೇ, ಅಲ್ಲಿ ಮೊಬೈಲ್ ಹಿಡೀಬೇಡಿ, ಆ ಸಪ್ಪೆ ಭಾಗದಲ್ಲೇ ಎಲ್ಲ ಅಡಗಿಸಿ ಇಟ್ಟಿದ್ದಾರೆ. ಆ ದಿನ ಅಮ್ಮನಿಗೆ ಬೀಡಿ ಲೆಕ್ಕಕ್ಕೆ ಕಮ್ಮಿ ಬಂದು ರಾತ್ರಿ ಹನ್ನೊಂದರವರೆಗೆ ಕೂತು ಕಟ್ಟಿದ್ರು, ಬೈದದ್ದು ನನಗೆ.

ಕಾಮಿಡಿಗೆ 2025ರ ಸು ಫ್ರಮ್ ಸೋ. ಜೆ.ಪಿ. ತುಮಿನಾಡು ಅಂತ ತುಳು ನಾಟಕದಿಂದ ಬಂದವರು ಡೈರೆಕ್ಟ್ ಮಾಡಿದ್ದು. ಊರಿನ ಒಬ್ಬ ಹುಡುಗನ ಮೈಮೇಲೆ ಸೋಮೇಶ್ವರದ ಸುಲೋಚನ ಬಂದಿದ್ದಾಳೆ ಅಂತ ಗುಲ್ಲೆದ್ದು, ಇಡೀ ಊರು ಅದರ ಹಿಂದೆ ಬೀಳುದು. ಹಾರರ್ ಕೇಳಿದ್ರಲ್ಲ, ಅದೂ ಇದರಲ್ಲೇ ಸ್ವಲ್ಪ ಬಂತು. ನಿಮಗೆ ಇಲ್ಲಿಯ ಕನ್ನಡ ಇನ್ನೂ ಕಿವಿಗೆ ಹತ್ತಿಲ್ಲ ಅಂತ ಬರೆದಿದ್ದೀರಿ, ಇದನ್ನು ಎರಡು ಸಲ ನೋಡಿ, ಆಫೀಸಲ್ಲಿ ಯಾರು ಎಂತ ಹೇಳ್ತಾರೆ ಅಂತ ಅರ್ಥ ಆಗ್ಲಿಕ್ಕೆ ಶುರು ಆಗ್ತದೆ. ಅಮ್ಮ ನಗಾಡಿ ನಗಾಡಿ ಹುಡಿ ಎಲ್ಲ ಚೆಲ್ಲಿದ್ರು.

ಲವ್ ಸ್ಟೋರಿಯಲ್ಲಿ ನಮ್ಮಿಬ್ಬರಿಗೆ ಒಮ್ಮತ ಇಲ್ಲ. ನನಗೆ ಹೇಮಂತ್ ರಾವ್ ಅವರ ಸಪ್ತ ಸಾಗರದಾಚೆ ಎಲ್ಲೋ ಪ್ರಾಣ, 2023ರಲ್ಲಿ ಎರಡು ಭಾಗ ಆಗಿ ಬಂತು, ಮೊದಲನೇದು ಮಾತ್ರ ನೋಡಿದ್ರೂ ಸಾಕು. ಮನೆ ಮಾಡುವ ದುಡ್ಡಿಗಾಗಿ ಹುಡುಗ ಧಣಿಯ ಮಗನ ತಪ್ಪನ್ನು ತನ್ನ ತಲೆಗೆ ಹಾಕ್ಕೊಂಡು ಜೈಲಿಗೆ ಹೋಗ್ತಾನೆ. ಅಮ್ಮ ಕೇಳಿದ್ದು ಒಂದೇ ಮಾತು, "ಅವನಿಗೆ ಬುದ್ಧಿ ಬೇಡ್ವಾ? ಬಾಡಿಗೆ ಮನೆಯಲ್ಲಿ ಇದ್ರೆ ಆಗ್ತಿರ್ಲಿಲ್ವಾ?" ಕೈ ಎಡೆಬಿಡದೆ ಓಡಿತು. ಅದಕ್ಕೆ ಉತ್ತರ ನನ್ನತ್ರ ಇಲ್ಲ, ಆದ್ರೂ ನನಗೆ ಇಷ್ಟ.

ಹಾರರ್ ಬೇಕೇ ಬೇಕಾದ್ರೆ ಮಲಯಾಳಂನ ಮಣಿಚಿತ್ರತಾಳ್, 1993ರದ್ದು. ಅದರ ಕನ್ನಡ ರಿಮೇಕ್ ಆಪ್ತಮಿತ್ರ ನೋಡಿದ್ದೇನೆ ಅಂತ ಬಿಡಬೇಡಿ, ಕಥೆ ಗೊತ್ತಿದ್ರೂ ಶೋಭನಾ ಮುಖಕ್ಕಾಗಿ ನೋಡ್ಬಹುದು.

ಇಲ್ಲಿಯದ್ದೇ ರೌಡಿಸಂ ಅಂದ್ರೆ ರಾಜ್ ಬಿ. ಶೆಟ್ಟಿಯ ಗರುಡ ಗಮನ ವೃಷಭ ವಾಹನ, 2021. ನೀವು ದಿನಾ ದಾಟುವ ಮಂಗಳಾದೇವಿ ರಸ್ತೆಯ ಬದಿಯ ಕಥೆ, ನೋಡಿದ ಮೇಲೆ ಅಲ್ಲಿ ಕ್ರಿಕೆಟ್ ಆಡುವ ಹುಡುಗರನ್ನು ಕಂಡ್ರೆ ಒಂಥರಾ ಆಗ್ತದೆ. ರಕ್ತ ಜಾಸ್ತಿ ಉಂಟು, ಊಟ ಮಾಡುವಾಗ ಬೇಡ. ರಕ್ಷಿತ್ ಶೆಟ್ಟಿಯ ಉಳಿದವರು ಕಂಡಂತೆ ಕೂಡ ಎಲ್ಲರೂ ಹೇಳ್ತಾರೆ, 2014ರದ್ದು, ಮಲ್ಪೆ ಕಥೆ, ಒಂದೇ ಸಂಗತಿ ಬೇರೆ ಬೇರೆಯವರ ಬಾಯಲ್ಲಿ ಬರುದು. ನನಗೆ ಭಾರೀ ಇಷ್ಟ. ಅಮ್ಮ ಅರ್ಧದಲ್ಲಿ ಎದ್ದು ಗಂಜಿಗೆ ನೀರಿಡ್ಲಿಕ್ಕೆ ಹೋದ್ರು.

ಕಾಂತಾರದ ವಿಷಯದಲ್ಲಿ ಮಾತ್ರ ಈ ಕೈ ಲೆಕ್ಕ ನಡೆಯುದಿಲ್ಲ. ಟಿವಿಯಲ್ಲಿ ಬಂದಾಗ ಕೋಲದ ಸೀನ್ ಶುರು ಆದದ್ದೇ ಅಮ್ಮ ತಡ್ಪೆಯನ್ನು ಮಂಚದ ಅಡಿಗೆ ದೂಡಿ, ಸೆರಗಿಗೆ ಕೈ ಒರೆಸಿ, ಎದ್ದು ನಿಂತು ಕೈ ಮುಗಿದ್ರು. ಸಿನಿಮಾ ಅಮ್ಮಾ ಅದು ಅಂದೆ. "ದೈವ ಬಂದ ಮೇಲೆ ಹೊಗೆಸೊಪ್ಪು ಹಿಡ್ಕೊಂಡು ಕೂರುದಾ?" ಅಂದ್ರು. ಮತ್ತೆ ನಾನೂ ಎದ್ದು ನಿಂತೆ, ಎಂತ ಮಾಡುದು.

ಇಂಗ್ಲಿಷಲ್ಲಿ ಒಂದೇ ಒಂದು ಹೇಳ್ತೇನೆ, ಟ್ವೆಲ್ವ್ ಆ್ಯಂಗ್ರಿ ಮೆನ್, 1957ರ ಬ್ಲ್ಯಾಕ್ ಆಂಡ್ ವೈಟ್. ಹೆಚ್ಚುಕಮ್ಮಿ ಇಡೀ ಸಿನಿಮಾ ಒಂದು ರೂಮಲ್ಲಿ, ಹನ್ನೆರಡು ಜನ, ಅಪ್ಪನನ್ನು ಕೊಂದ ಅಂತ ಆರೋಪ ಇರುವ ಹುಡುಗನಿಗೆ ಏನು ತೀರ್ಪು ಅಂತ ಒಮ್ಮತಕ್ಕೆ ಬರ್ಬೇಕು, ಹನ್ನೊಂದು ಜನ ತಪ್ಪಿತಸ್ಥ ಅಂತಾರೆ, ಬಿಳಿ ಕೋಟಿನವ ಒಬ್ಬ ಮಾತ್ರ ಸ್ವಲ್ಪ ಮಾತಾಡುವ ಅಂತಾನೆ. ಅಮ್ಮನಿಗೆ ಇಂಗ್ಲಿಷ್ ಬರುದಿಲ್ಲ, ನಾನು ಪಕ್ಕದಲ್ಲಿ ಕೂತು ತುಳುವಿನಲ್ಲಿ ಹೇಳ್ತಾ ಹೋದೆ, ಹನ್ನೆರಡು ಜನರಿಗೂ ನಮ್ಮ ನೆರೆಕರೆಯವರ ಹೆಸರು ಇಟ್ಟದ್ದು ಅಮ್ಮನೇ, ಕ್ರಿಕೆಟ್ ಹುಚ್ಚಿನ ಮಾವ, ಎಲ್ಲದಕ್ಕೂ ತಲೆ ಅಲ್ಲಾಡಿಸುವ ಮಾಸ್ಟ್ರು ಹೀಗೆ. ಕೊಲೆಗೆ ಬಳಸಿದಂಥ ಚೂರಿ ಬೇರೆ ಇಲ್ಲವೇ ಇಲ್ಲ ಅಂತ ಎಲ್ಲರೂ ಹೇಳುವಾಗ ಆ ಬಿಳಿ ಕೋಟಿನವ ಕಿಸೆಯಿಂದ ಅಂಥದ್ದೇ ಇನ್ನೊಂದು ಚೂರಿ ತೆಗೆದು ಮೇಜಿಗೆ ಚುಚ್ಚುತ್ತಾನಲ್ಲ, ಅಮ್ಮ ಆವಾಗ ತಗಡಿನ ಅಳತೆ ಇಟ್ಟು ಎಲೆ ಕತ್ತರಿಸ್ತಾ ಇದ್ರು, ಕತ್ತರಿ ಬಾಯಿ ತೆರೆದದ್ದು ತೆರೆದೇ ಇತ್ತು. ಮತ್ತೆ ಮುಗಿಯುವವರೆಗೆ ಒಂದೆಲೆ ಕತ್ತರಿಸ್ಲಿಲ್ಲ.

ಇನ್ನು ಆರ್ಟ್ ಸಿನಿಮಾ. ಸ್ಲೋ ಅಂತ ಹೆದರಬೇಡಿ. ಚೋಮನ ದುಡಿ, 1975. ಕಾದಂಬರಿ ಕೋಟದ ಶಿವರಾಮ ಕಾರಂತರದ್ದು, ಸಿನಿಮಾ ಬಂಟ್ವಾಳ ಕಡೆಯ ಬಿ.ವಿ. ಕಾರಂತರದ್ದು, ಇಬ್ಬರೂ ಒಬ್ಬರೇ ಅಂತ ನಾನು ಕಾಲೇಜು ಮುಗಿಯುವವರೆಗೆ ತಿಳ್ಕೊಂಡಿದ್ದೆ. ತುಂಡು ಗದ್ದೆ ಸ್ವಂತಕ್ಕೆ ಬೇಸಾಯ ಮಾಡ್ಬೇಕು ಅಂತ ಆಸೆ ಇಟ್ಟ ಚೋಮ, ಅವನ ದುಡಿ ಶಬ್ದ, ಅಷ್ಟೇ. ವಾಸುದೇವ ರಾಯರಿಗೆ ನ್ಯಾಷನಲ್ ಅವಾರ್ಡ್ ಬಂದದ್ದು ಇದಕ್ಕೇ. ಅಮ್ಮ ಒಮ್ಮೆ ನೋಡಿ "ಇನ್ನು ಹಾಕ್ಬೇಡ" ಅಂದ್ರು. ಚೆನ್ನಾಗಿಲ್ಲ ಅಂತ ಅಲ್ಲ.

ಕೊನೆಗೆ ಗುಲಾಬಿ ಟಾಕೀಸು, 2008, ಕುಂದಾಪುರದ ವೈದೇಹಿಯವರ ಕಥೆ, ಗಿರೀಶ್ ಕಾಸರವಳ್ಳಿ ಡೈರೆಕ್ಷನ್, ಉಮಾಶ್ರೀಗೆ ನ್ಯಾಷನಲ್ ಅವಾರ್ಡ್. ಮೀನುಗಾರರ ಊರಿನ ಸೂಲಗಿತ್ತಿ ಗುಲಾಬಿಗೆ ಸಿನಿಮಾ ಹುಚ್ಚು, ಹೆರಿಗೆ ಮಾಡಿಸಿದ್ದಕ್ಕೆ ಒಂದು ಮನೆಯವರು ಡಿಶ್ ಸಮೇತ ಟಿವಿ ಕೊಡ್ತಾರೆ, ಊರ ಹೆಂಗಸರು ಅವಳ ಮನೆಗೆ ಬಂದು ಕೂರ್ತಾರೆ, ಹೊರಗೆ ಕಾರ್ಗಿಲ್ ಯುದ್ಧದ ಸುದ್ದಿ, ಊರೊಳಗೆ ಮುಸ್ಲಿಮರ ಬಗ್ಗೆ ಗುಸುಗುಸು. ಶುರುವಿಗೆ ಅಮ್ಮ ಕಟ್ತಾ ಇದ್ರು. ಹೆಂಗಸರು ಟಿವಿ ಮುಂದೆ ಕೂತ ಸೀನಿಗೆ ಕೈ ನಿಂತಿತು. ಮತ್ತೆ ಅಮ್ಮ ನಮ್ಮ ಓಣಿಗೆ ಮೊದಲು ಟಿವಿ ಬಂದ ಮನೆಯ ಸುದ್ದಿ ತೆಗೆದ್ರು, ಐದಾರು ಹೆಂಗಸರು ತಡ್ಪೆ ತಕ್ಕೊಂಡು ಅಲ್ಲಿಗೇ ಹೋಗಿ ಕಟ್ತಿದ್ರಂತೆ, ಕರೆಂಟು ಹೋದ್ರೆ ಕತ್ತಲಲ್ಲಿ ಕೂಡ ಕೈ ನಡೀತಿತ್ತಂತೆ, ಆ ಮನೆಯವರು ಮನೆ ಮಾರಿ ಹೋದ್ಮೇಲೆ ಟಿವಿ ಎಲ್ಲಿ ಹೋಯ್ತೋ ಅಂತ ಯಾರಿಗೂ ಗೊತ್ತಿಲ್ಲ. ನಾನು ಸಿನಿಮಾ ನಿಲ್ಲಿಸಿ ಕೂತಿದ್ದೆ. ಸಿನಿಮಾ ಮುಗಿದದ್ದು ಮರುದಿನ, ಅಮ್ಮ ಬೀಡಿ ಕಂಪನಿಯ ಬ್ರಾಂಚಿಗೆ ಬೀಡಿ ಕೊಟ್ಟು ಬಂದ ಮೇಲೆ.

ನೀವು ಶುರು ಮಾಡುದು ದೃಶ್ಯಂನಿಂದ ಮಾಡಿ, ಮಲಯಾಳಂ ಬರದಿದ್ರೆ ಸಬ್‌ಟೈಟಲ್ ಹಾಕಿ. ಕರೆಂಟಿನದ್ದು ಗ್ಯಾರಂಟಿ ಇಲ್ಲ, ಲ್ಯಾಪ್‌ಟಾಪ್ ಮೊದಲೇ ಚಾರ್ಜ್ ಮಾಡಿ ಇಡಿ. ಹುಬ್ಬಳ್ಳಿ ಕಡೆಯ ಒಳ್ಳೆ ಸಿನಿಮಾ ಯಾವುದಾದ್ರೂ ಇದ್ರೆ ಹೇಳಿ, ಅಮ್ಮನ ಮುಂದೆ ಹಾಕಿ ನೋಡ್ತೇನೆ.